ಒಡೆದ ಹಳದಿ ಗೆರೆ

ಹೋದ ತಿಂಗಳ ಫೋನ್-ಇನ್ ಕಾರ್ಯಕ್ರಮಕ್ಕೆ ಹಿರಿಯ ಶ್ರೋತೃವೊಬ್ಬರು ಕರೆ ಮಾಡಿದ್ದರು. ಬೆನ್ನುನೋವಿಗೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದರಂತೆ. ತಮ್ಮ ಮೆಚ್ಚಿನ ಹಾಡು ಹೇಳುವ ಮೊದಲು ಕೇಳಿದರು: "ಅಲ್ಲಮ್ಮಾ, ಆ ಮೆಷಿನ್ನಿನೊಳಗೂ ರೇಡಿಯೋ ಇರುತ್ತದಂತಲ್ಲ, ಅಲ್ಲಿ ಮಲಗಿದರೆ ನಿಮ್ಮ ಸ್ಟೇಷನ್ ಕೇಳಿಸುತ್ತದಾ?" ಸ್ಟುಡಿಯೋದಲ್ಲಿ ಎಲ್ಲರೂ ನಕ್ಕೆವು, ಅವರೂ ನಕ್ಕರು. ಉತ್ತರವನ್ನು ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಹೇಳಿ ಹಾಡು ಹಾಕಿದೆ. ಹೇಳಿದ್ದೇನೋ ಸುಲಭವಾಗಿ. ಕನ್ನಡ ಬಿ.ಎ. ಮಾಡಿದ ನನಗೆ ಭೌತಶಾಸ್ತ್ರ ಹತ್ತನೇ ಕ್ಲಾಸಿಗೇ ನಿಂತುಹೋಗಿತ್ತು. ಹುಡುಕುತ್ತಾ ಹೋದಂತೆ ಆಸ್ಪತ್ರೆಯಿಂದ ಶುರುವಾದ ಪ್ರಶ್ನೆ ನೂರಾಅರವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿ ನಮ್ಮ ಅಡುಗೆಮನೆಯ ಒಲೆಯ ಮುಂದೆ ನಿಲ್ಲಿಸಿತು.

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ನೀಲಿ ಉರಿ ತಟ್ಟನೆ ಹಳದಿಗೆ ತಿರುಗುತ್ತದೆ. ಅದು ಅರಿಸಿನದ ಬಣ್ಣವಲ್ಲ, ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಎಲ್‌ಇಡಿ ಬರುವ ಮೊದಲು ನಮ್ಮ ಮಹಾನಗರಗಳ ಬೀದಿಗಳಲ್ಲಿ ಉರಿಯುತ್ತಿದ್ದ ಹಳದಿ ದೀಪಗಳೂ ಸೋಡಿಯಂ ದೀಪಗಳೇ. ಈ ಹಳದಿಯನ್ನು ಒಂದು ಒಳ್ಳೆಯ ರೋಹಿತದರ್ಶಕದ ಮೂಲಕ ನೋಡಿದರೆ ಕಾಮನಬಿಲ್ಲಿನಂಥ ಪಟ್ಟಿ ಕಾಣುವುದಿಲ್ಲ. ಅಕ್ಕಪಕ್ಕ ನಿಂತ ಎರಡೇ ಎರಡು ಸಣ್ಣ ಗೆರೆಗಳು ಕಾಣುತ್ತವೆ. ಒಂದರ ತರಂಗದೂರ 589.0 ನ್ಯಾನೋಮೀಟರ್, ಇನ್ನೊಂದರದು 589.6. ಪ್ರತಿಯೊಂದು ಮೂಲವಸ್ತುವಿಗೂ ಇಂಥ ತನ್ನದೇ ಗೆರೆಗಳಿರುತ್ತವೆ, ಬೆರಳಚ್ಚಿನ ಹಾಗೆ.

1862ರ ಮಾರ್ಚ್ 12ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಇಂಥದ್ದೇ ಉರಿಯನ್ನು ದೊಡ್ಡದೊಂದು ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಇಟ್ಟು ನೋಡಿದ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವನು, ಗಣಿತ ಬಾರದವನು (ಇದನ್ನು ಓದಿ ನನಗೆ ಸ್ವಲ್ಪ ಧೈರ್ಯ ಬಂತು). ಆದರೆ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಅವನಷ್ಟು ಬಲ್ಲವರು ಆಗ ಬೇರೆ ಯಾರೂ ಇರಲಿಲ್ಲ. ಗಾಜಿನ ಮೂಲಕ ಹಾಯುವ ಬೆಳಕನ್ನು ಅಯಸ್ಕಾಂತ ತಿರುಚಬಲ್ಲದು ಎಂದು 1845ರಲ್ಲೇ ತೋರಿಸಿದ್ದ. ಹಾಗಾದರೆ ಬೆಳಕು ಹುಟ್ಟುವ ಜಾಗದಲ್ಲೇ ಅಯಸ್ಕಾಂತ ಇಟ್ಟರೆ? ಕರೆಂಟ್ ಹಾಕಿದ, ತೆಗೆದ, ಮತ್ತೆ ಹಾಕಿದ. ಗೆರೆಗಳು ಅಲ್ಲಾಡಲಿಲ್ಲ. ಏನೂ ಬದಲಾವಣೆ ಕಾಣಲಿಲ್ಲ ಎಂದು ದಿನಚರಿಯಲ್ಲಿ ಬರೆದಿಟ್ಟ. ಅವನಿಗೆ ಆಗ ಎಪ್ಪತ್ತು ವರ್ಷ, ನೆನಪು ಕೈಕೊಡುತ್ತಿತ್ತು. ಅದೇ ಅವನ ಕೊನೆಯ ಪ್ರಯೋಗ ಎನ್ನುತ್ತಾರೆ. ಐದು ವರ್ಷಗಳ ನಂತರ ತೀರಿಕೊಂಡ.

ಫ್ಯಾರಡೆಯ ಪ್ರಶ್ನೆ ತಪ್ಪಾಗಿರಲಿಲ್ಲ, ಅವನ ಉಪಕರಣ ಸಾಲದೇ ಹೋಯಿತು ಅಷ್ಟೆ. ಆದರೆ ಆಗದೇ ಹೋದ ಪ್ರಯೋಗವನ್ನು ಅವನು ಮುಚ್ಚಿಡದೆ ಬರೆದಿಟ್ಟಿದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಮೂವತ್ತು ಚಿಲ್ಲರೆ ವರ್ಷಗಳ ನಂತರ ಹಾಲೆಂಡಿನ ಯುವಕನೊಬ್ಬ, ಫ್ಯಾರಡೆಯ ಬಗ್ಗೆ ಮ್ಯಾಕ್ಸ್‌ವೆಲ್ ಬರೆದ ಲೇಖನದಲ್ಲಿ ಈ ಸೋಲಿನ ಸಂಗತಿ ಓದಿದ. ಫ್ಯಾರಡೆಯಂಥವನಿಗೇ ಇದು ಸಾಧ್ಯ ಅನ್ನಿಸಿದ್ದರೆ ಈಗಿನ ಹೊಸ ಉಪಕರಣಗಳಿಂದ ಇನ್ನೊಮ್ಮೆ ನೋಡಿದರೆ ಕಳೆದುಕೊಳ್ಳುವುದೇನು ಎಂದುಕೊಂಡ. ಅವನ ಹೆಸರು ಪೀಟರ್ ಜೇಮನ್.

ಜೇಮನ್ ಹುಟ್ಟಿದ್ದು 1865ರಲ್ಲಿ, ಸಮುದ್ರದಂಚಿನ ಜೊನ್ನೆಮೈರ್ ಎಂಬ ಪುಟ್ಟ ಹಳ್ಳಿಯಲ್ಲಿ. ಅಪ್ಪ ಚರ್ಚಿನ ಪಾದ್ರಿ. ಹೈಸ್ಕೂಲಿನಲ್ಲಿದ್ದಾಗ ಆ ಕಡೆಯ ಆಕಾಶದಲ್ಲಿ ಅಪರೂಪಕ್ಕೆ ಧ್ರುವಪ್ರಭೆ ಕಾಣಿಸಿಕೊಂಡಿತು. ಹುಡುಗ ಅದರ ಚಿತ್ರ ಬರೆದು, ವಿವರ ಬರೆದು, ಲಂಡನ್ನಿನ 'ನೇಚರ್' ಪತ್ರಿಕೆಗೆ ಅಂಚೆಯಲ್ಲಿ ಕಳಿಸಿದ. 1883ರಲ್ಲಿ ಅದು ಅಚ್ಚಾಯಿತು. ಸಂಪಾದಕರು ಇವನನ್ನು ಯಾರೋ ಪ್ರೊಫೆಸರ್ ಎಂದೇ ತಿಳಿದಿದ್ದರಂತೆ!

ಲೈಡನ್ ವಿಶ್ವವಿದ್ಯಾಲಯದಲ್ಲಿ ಜೇಮನ್‌ಗೆ ಇಬ್ಬರು ದೊಡ್ಡ ಗುರುಗಳು ಸಿಕ್ಕರು. ಒಬ್ಬರು ಪ್ರಯೋಗಾಲಯದ ಮುಖ್ಯಸ್ಥ ಕಾಮರ್ಲಿಂಗ್ ಓನ್ಸ್, ಇನ್ನೊಬ್ಬರು ಸಿದ್ಧಾಂತಿ ಹೆಂಡ್ರಿಕ್ ಲೊರೆಂಟ್ಜ್. 1896ರ ಬೇಸಿಗೆ ಕಳೆಯುತ್ತಿದ್ದಾಗ ಜೇಮನ್ ಫ್ಯಾರಡೆಯ ಪ್ರಯೋಗವನ್ನು ಮತ್ತೆ ಹೂಡಿದ. ಉಪ್ಪುನೀರಲ್ಲಿ ಅದ್ದಿದ ಕಲ್ನಾರಿನ ತುಂಡನ್ನು ಉರಿಗೆ ಹಿಡಿದ. ಉರಿಯನ್ನು ವಿದ್ಯುತ್ಕಾಂತದ ನಡುವೆ ಇಟ್ಟ. ಫ್ಯಾರಡೆಯ ಬಳಿ ಇಲ್ಲದ್ದು ಇವನ ಬಳಿ ಒಂದಿತ್ತು. ಅಮೆರಿಕದ ರೋಲೆಂಡ್ ಎಂಬಾತ ತಯಾರಿಸುತ್ತಿದ್ದ ಗೀರುಫಲಕ. ಒಂದು ಇಂಚಿನ ಅಗಲದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಗೀರು ಕೊರೆದ ಲೋಹದ ಕನ್ನಡಿ ಅದು. ಗೆರೆಗಳನ್ನು ಅದು ಎಷ್ಟು ದೂರದೂರ ಬಿಡಿಸಿ ತೋರಿಸುತ್ತಿತ್ತೆಂದರೆ ಕೂದಲೆಳೆಯ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತಿತ್ತು.

ಕರೆಂಟ್ ಹಾಕಿದ. ಎರಡೂ ಹಳದಿ ಗೆರೆಗಳು ಅಗಲವಾದವು. ತೆಗೆದ. ಮತ್ತೆ ಸಣ್ಣಗಾದವು.

ಬೇರೆಯವರಾಗಿದ್ದರೆ ಅಂದೇ ಕುಣಿದಾಡುತ್ತಿದ್ದರೋ ಏನೋ. ಜೇಮನ್ ಅನುಮಾನದ ಮನುಷ್ಯ. ಅಯಸ್ಕಾಂತ ಉರಿಯ ಆಕಾರವನ್ನೇ ಬದಲಿಸಿ, ಅದರಿಂದ ಶಾಖ ಹೆಚ್ಚುಕಡಿಮೆಯಾಗಿ ಗೆರೆ ಅಗಲವಾಗಿರಬಹುದಲ್ಲ? ಅದಕ್ಕೆ ಉರಿಯನ್ನೇ ಬಿಟ್ಟು, ಪಿಂಗಾಣಿ ಕೊಳವೆಯಲ್ಲಿ ಸೋಡಿಯಂ ಆವಿ ತುಂಬಿ, ಶಾಖ ಎಲ್ಲ ಕಡೆ ಸಮನಾಗಿರಲೆಂದು ಕೊಳವೆಯನ್ನು ತಿರುಗಿಸುತ್ತಾ, ಅದರ ಮೂಲಕ ದೀಪದ ಬೆಳಕು ಹಾಯಿಸಿ ನೋಡಿದ. ಈಗ ಹಳದಿ ಗೆರೆಯ ಬದಲು ಅದೇ ಜಾಗದಲ್ಲಿ ಕಪ್ಪು ಗೆರೆ. ಅದೂ ಅಗಲವಾಯಿತು. ಹತ್ತು ಸಾವಿರ ಗಾಸ್ ಕಾಂತಕ್ಷೇತ್ರದಲ್ಲಿ ಆ ಅಗಲಿಕೆ, ಸೋಡಿಯಂನ ಎರಡು ಗೆರೆಗಳ ನಡುವಿನ ಅಂತರದ ನಲವತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಫ್ಯಾರಡೆಗೆ ಕಾಣದೇ ಹೋದದ್ದು ಇಷ್ಟು ಚಿಕ್ಕದು.

1896ರ ಅಕ್ಟೋಬರ್ 31, ಶನಿವಾರ, ಈ ವಿಷಯವನ್ನು ಓನ್ಸ್ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನ ಅಕಾಡೆಮಿಯ ಸಭೆಯ ಮುಂದಿಟ್ಟರು. ಲೊರೆಂಟ್ಜ್ ಅಲ್ಲೇ ಕೂತು ಕೇಳಿದರು. ಸೋಮವಾರ ಬೆಳಗಾದರೆ ಜೇಮನ್‌ನನ್ನು ಕರೆಸಿಕೊಂಡು ವಿವರಣೆ ಕೊಟ್ಟೇಬಿಟ್ಟರು. ನಡುವೆ ಇದ್ದದ್ದು ಒಂದೇ ಭಾನುವಾರ! ಲೊರೆಂಟ್ಜ್ ಹೇಳಿದ್ದಿಷ್ಟು: ಪರಮಾಣುವಿನೊಳಗೆ ವಿದ್ಯುದಾವೇಶ ಹೊತ್ತ ಯಾವುದೋ ಚಿಕ್ಕ ಕಣ ಅದುರುತ್ತಿದೆ, ಬೆಳಕು ಬರುವುದು ಆ ಅದುರಿನಿಂದ. ಕಾಂತಕ್ಷೇತ್ರ ಇಟ್ಟಾಗ ಆ ಕಣ ಒಂದು ಕಡೆ ಸುತ್ತುವಾಗ ತುಸು ಬೇಗ, ಇನ್ನೊಂದು ಕಡೆ ಸುತ್ತುವಾಗ ತುಸು ನಿಧಾನ. ಒಂದು ಗೆರೆ ಮೂರಾಗಿ ಒಡೆಯಬೇಕು. ಅಷ್ಟೇ ಅಲ್ಲ, ಅಗಲವಾದ ಗೆರೆಯ ಎರಡು ಅಂಚುಗಳ ಬೆಳಕು ಒಂದು ನಿರ್ದಿಷ್ಟ ರೀತಿಯಲ್ಲಿ ಧ್ರುವೀಕರಣಗೊಂಡಿರಬೇಕು, ಹೋಗಿ ನೋಡು. ಜೇಮನ್ ಹೋಗಿ ನೋಡಿದ. ಹಾಗೇ ಇತ್ತು.

ಆ ಅಗಲವನ್ನು ಅಳೆದು, ಕಣದ ಆವೇಶಕ್ಕೂ ತೂಕಕ್ಕೂ ಇರುವ ಪ್ರಮಾಣವನ್ನೂ ಲೆಕ್ಕ ಹಾಕಿದರು. ಅದು ಹೈಡ್ರೋಜನ್ ಅಯಾನಿನ ಪ್ರಮಾಣಕ್ಕಿಂತ ಸಾವಿರ ಪಟ್ಟು ಹೆಚ್ಚಿತ್ತು. ಅಂದರೆ ಈ ಕಣ ಪರಮಾಣುವಿಗಿಂತ ಎಷ್ಟೋ ಹಗುರ. ಆರು ತಿಂಗಳ ನಂತರ, 1897ರ ಏಪ್ರಿಲ್ 30ರಂದು, ಜೆ.ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳ ಬಗ್ಗೆ ಲಂಡನ್ನಿನಲ್ಲಿ ಮಾತಾಡಿದಾಗ ಹೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಮಾಣ. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಎಲೆಕ್ಟ್ರಾನ್ ಕಂಡುಹಿಡಿದವರು ಥಾಮ್ಸನ್ ಎಂದು. ಅದು ಸುಳ್ಳಲ್ಲ, ಆದರೆ ಪರಮಾಣುವಿನ ಒಳಗೇ ಅದು ಇದೆ ಎಂದು ಮೊದಲು ಸುಳಿವು ಕೊಟ್ಟದ್ದು ಈ ಉಪ್ಪಿನ ಉರಿ. 1902ರ ನೊಬೆಲ್ ಬಹುಮಾನ ಲೊರೆಂಟ್ಜ್ ಮತ್ತು ಜೇಮನ್ ಇಬ್ಬರಿಗೂ ಬಂತು. ಜೇಮನ್‌ಗೆ ಕಾಯಿಲೆ, ಸಮಾರಂಭಕ್ಕೆ ಹೋಗಲಾಗಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಹೋಗಿ ಉಪನ್ಯಾಸ ಕೊಟ್ಟು ಬಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಕೆಲಸವೂ ಮುಗಿಯುತ್ತಿತ್ತು. ಆದರೆ 1897ರ ಡಿಸೆಂಬರಿನಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಥಾಮಸ್ ಪ್ರೆಸ್ಟನ್ ಎಂಬ ಪ್ರೊಫೆಸರ್ ಇನ್ನೂ ಬಲವಾದ ಅಯಸ್ಕಾಂತ ಇಟ್ಟು ಗೆರೆಗಳ ಫೋಟೋ ತೆಗೆದಾಗ ಎಡವಟ್ಟಾಯಿತು. ಲೊರೆಂಟ್ಜ್ ಲೆಕ್ಕದ ಪ್ರಕಾರ ಮೂರಾಗಬೇಕಿದ್ದ ಗೆರೆಗಳು ನಾಲ್ಕಾಗಿ, ಆರಾಗಿ ಒಡೆದಿದ್ದವು. ನಮ್ಮ ಸೋಡಿಯಂನ ಜೋಡಿಯನ್ನೇ ತೆಗೆದುಕೊಳ್ಳಿ, ಒಂದು ಗೆರೆ ನಾಲ್ಕಾಗುತ್ತದೆ, ಪಕ್ಕದ್ದು ಆರಾಗುತ್ತದೆ. ಯಾಕೆ? ಯಾರಿಗೂ ಗೊತ್ತಿಲ್ಲ. ಮೂರಾಗಿ ಒಡೆದರೆ 'ಸಹಜ ಜೇಮನ್ ಪರಿಣಾಮ', ಬೇರೆ ಥರ ಒಡೆದರೆ 'ಅಸಹಜ' ಎಂದು ಹೆಸರಿಟ್ಟರು. ಪ್ರೆಸ್ಟನ್ ಈ ಗೆರೆಗಳಲ್ಲಿ ಒಂದು ನಿಯಮವನ್ನೂ ಗುರುತಿಸಿದ್ದರು. ಆದರೆ 1900ರ ಮಾರ್ಚಿನಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೇ ತೀರಿಕೊಂಡರು. ಬಹುಮಾನದ ಮಾತು ಬಂದಾಗ ಅವರು ಇರಲಿಲ್ಲ. ಜೇಮನ್ ಹೆಸರು ಗೊತ್ತಿರುವ ಹತ್ತು ಜನರಲ್ಲಿ ಒಬ್ಬರಿಗಾದರೂ ಪ್ರೆಸ್ಟನ್ ಹೆಸರು ಗೊತ್ತಿರುತ್ತದೋ ಇಲ್ಲವೋ.

ಕಾರಣ ಗೊತ್ತಿಲ್ಲದಿದ್ದರೂ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ. ಗೆರೆ ಒಡೆದಿದ್ದರೆ ಅಲ್ಲಿ ಅಯಸ್ಕಾಂತ ಇದೆ ಎಂದರ್ಥ ತಾನೆ? 1908ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ಜಾರ್ಜ್ ಎಲರಿ ಹೇಲ್ ಸೂರ್ಯನ ಮೈಮೇಲಿನ ಕಪ್ಪು ಚುಕ್ಕೆಗಳ, ಅಂದರೆ ಸೌರಕಲೆಗಳ, ರೋಹಿತ ತೆಗೆದು ನೋಡಿದರು. ಗೆರೆಗಳು ಒಡೆದಿದ್ದವು. ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್ ಆಸುಪಾಸು. ಸೌರಕಲೆಯಲ್ಲಿ ಅದು ಮೂರು ಸಾವಿರದ ಹತ್ತಿರ! ಹದಿನೈದು ಕೋಟಿ ಕಿಲೋಮೀಟರ್ ದೂರದ ಅಯಸ್ಕಾಂತವನ್ನು ಮನುಷ್ಯ ಕೂತಲ್ಲಿಂದಲೇ ಅಳೆದದ್ದು ಅದೇ ಮೊದಲು.

ಆ ಹೊತ್ತಿಗೆ ನಮ್ಮ ಕೊಡೈಕೆನಾಲ್ ವೀಕ್ಷಣಾಲಯಕ್ಕೆ ಹತ್ತು ವರ್ಷ ತುಂಬುತ್ತಿತ್ತು. 1909ರ ಜನವರಿಯಲ್ಲಿ ಅಲ್ಲಿ ಜಾನ್ ಎವರ್‌ಶೆಡ್ ಸೌರಕಲೆಗಳ ಸುತ್ತ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಇವತ್ತಿಗೂ ಅದಕ್ಕೆ ಎವರ್‌ಶೆಡ್ ಪರಿಣಾಮ ಎಂದೇ ಹೆಸರು. ಕೊಡೈಕೆನಾಲನ್ನು ಈಗ ನೋಡಿಕೊಳ್ಳುತ್ತಿರುವುದು ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ನೂರು ವರ್ಷಕ್ಕೂ ಹೆಚ್ಚಿನ ಸೂರ್ಯನ ಚಿತ್ರಗಳು ಅವರ ಬಳಿ ಇವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಕಟ್ಟಿದ್ದೂ ಇದೇ ಸಂಸ್ಥೆ, ಹೊಸಕೋಟೆಯ ತನ್ನ ಕೇಂದ್ರದಲ್ಲಿ. ಸೂರ್ಯನ ಹೊರಪ್ರಭೆಯ ಕಾಂತಕ್ಷೇತ್ರವನ್ನು ಬೆಳಕಿನ ಧ್ರುವೀಕರಣದಿಂದ ಓದುವ ಏರ್ಪಾಡು ಅದರಲ್ಲಿದೆ. ಲೊರೆಂಟ್ಜ್ ಆ ಸೋಮವಾರ ಜೇಮನ್‌ಗೆ ಹೋಗಿ ನೋಡು ಎಂದದ್ದೂ ಬೆಳಕಿನ ಧ್ರುವೀಕರಣವನ್ನೇ ಅಲ್ಲವೇ! ಇನ್ನೊಂದು ತಮಾಷೆ ಕೇಳಿ. 2024ರ ಮೇ 10ರ ರಾತ್ರಿ ಸೌರಬಿರುಗಾಳಿ ಬಡಿದಾಗ ಲಡಾಖಿನ ಹಾನ್ಲೆಯಲ್ಲಿ ಇದೇ ಸಂಸ್ಥೆಯ ಕ್ಯಾಮೆರಾಗಳಿಗೆ ಕೆಂಪು ಧ್ರುವಪ್ರಭೆ ಸಿಕ್ಕಿತು. ದುರ್ಬಲ ಕಾಂತಕ್ಷೇತ್ರ ಬೆಳಕಿನ ಧ್ರುವೀಕರಣವನ್ನು ಬದಲಿಸುವ ರೀತಿಗೂ 'ಹಾನ್ಲೆ ಪರಿಣಾಮ' ಎಂದು ಹೆಸರು. ಆದರೆ ಅದು ಜರ್ಮನಿಯ ವಿಲ್‌ಹೆಲ್ಮ್ ಹಾನ್ಲೆ ಎಂಬವರ ಹೆಸರು. ಊರಿಗೂ ಅವರಿಗೂ ಸಂಬಂಧವೇ ಇಲ್ಲ.

ಅಯಸ್ಕಾಂತ ಗೆರೆಯನ್ನು ಒಡೆಯುವುದಾದರೆ ವಿದ್ಯುತ್ ಕ್ಷೇತ್ರವೂ ಒಡೆಯಬೇಕಲ್ಲ? ಒಡೆಯುತ್ತದೆ ಎಂದು 1913ರಲ್ಲಿ ಜರ್ಮನಿಯ ಯೊಹಾನೆಸ್ ಸ್ಟಾರ್ಕ್ ಹೈಡ್ರೋಜನ್ ಗೆರೆಗಳಲ್ಲಿ ತೋರಿಸಿದ. ಹಳೆಯ ಭೌತಶಾಸ್ತ್ರದಿಂದ ಇದನ್ನು ವಿವರಿಸಲಾಗಲಿಲ್ಲ. ಅದೇ ವರ್ಷ ನೀಲ್ಸ್ ಬೋರ್ ಹೊಸ ಕ್ವಾಂಟಂ ಮಾದರಿ ಕೊಟ್ಟಿದ್ದರು. ಎಲೆಕ್ಟ್ರಾನ್ ಮನಬಂದ ಎತ್ತರದಲ್ಲಿ ಇರಲಾರದು, ಮೆಟ್ಟಿಲ ಮೇಲೆ ನಿಂತ ಹಾಗೆ ಕೆಲವೇ ಹಂತಗಳಲ್ಲಿ ಇರಬಲ್ಲದು, ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಇಳಿದಾಗ ಬೆಳಕು ಹೊರಡುತ್ತದೆ. ಕ್ಷೇತ್ರ ಇಟ್ಟರೆ ಒಂದೊಂದು ಮೆಟ್ಟಿಲೂ ಹಲವು ಸಣ್ಣ ಮೆಟ್ಟಿಲುಗಳಾಗಿ ಒಡೆಯುತ್ತದೆ. ಈ ದಾರಿಯಲ್ಲಿ ಸ್ಟಾರ್ಕ್ ಗೆರೆಗಳ ಲೆಕ್ಕ 1916ರಲ್ಲಿ ಕರಾರುವಾಕ್ಕಾಗಿ ಬಂತು. ಮಾಡಿದವರು ಇಬ್ಬರು, ಬೇರೆಬೇರೆಯಾಗಿ. ಒಬ್ಬ ಪಾಲ್ ಎಪ್‌ಸ್ಟೈನ್, ರಷ್ಯದ ಪ್ರಜೆಯಾದ್ದರಿಂದ ಯುದ್ಧಕಾಲದ ಮ್ಯೂನಿಕ್ಕಿನಲ್ಲಿ ಶತ್ರುದೇಶದವನು ಎನಿಸಿಕೊಂಡಿದ್ದವನು. ಇನ್ನೊಬ್ಬ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್, ರಷ್ಯದ ವಿರುದ್ಧವೇ ರಣರಂಗಕ್ಕೆ ಹೋಗಿ, ಅಲ್ಲಿ ಚರ್ಮದ ವಿಷಮ ರೋಗ ಹತ್ತಿಸಿಕೊಂಡು ಮರಳಿದವನು. ಅವನ ಲೇಖನ ಅಚ್ಚಾದ ದಿನವೇ, ಮೇ 11ರಂದು, ಅವನು ತೀರಿಕೊಂಡ. ಸ್ಟಾರ್ಕ್‌ಗೆ 1919ರಲ್ಲಿ ನೊಬೆಲ್ ಬಂತು. ಮುಂದೆ ಅದೇ ಸ್ಟಾರ್ಕ್ ಹಿಟ್ಲರನ ಪಕ್ಷ ಸೇರಿ, ಕ್ವಾಂಟಂ ಸಿದ್ಧಾಂತ ಯೆಹೂದಿ ವಿಜ್ಞಾನ ಎಂದು ಹೀಯಾಳಿಸಿದ. ತನ್ನ ಹೆಸರಿನ ಪರಿಣಾಮಕ್ಕೆ ಅರ್ಥ ಹೇಳಿದ್ದೇ ಆ ಸಿದ್ಧಾಂತ. ಅದನ್ನು ಬಿಡಿಸಿದ ಇಬ್ಬರೂ ಯೆಹೂದಿಗಳು. ಅವನ ಬಗ್ಗೆ ಇಷ್ಟು ಸಾಕು.

ಸ್ಟಾರ್ಕ್ ಗೆರೆಗಳ ಲೆಕ್ಕ ಸರಿಹೋಯಿತು, ಜೇಮನ್‌ರ ಸಹಜ ಗೆರೆಗಳ ಲೆಕ್ಕವೂ ಸರಿಹೋಯಿತು. ಅಸಹಜ ಮಾತ್ರ ಹಾಗೇ ಉಳಿಯಿತು. ಕ್ವಾಂಟಂ ನಿಯಮದ ಪ್ರಕಾರ ಸುತ್ತುವ ಎಲೆಕ್ಟ್ರಾನಿನ ಮೆಟ್ಟಿಲು ಕಾಂತಕ್ಷೇತ್ರದಲ್ಲಿ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯಲ್ಲೇ ಒಡೆಯಬೇಕು. ಸೋಡಿಯಂನಲ್ಲಿ ಎರಡು, ನಾಲ್ಕು ಆಗುತ್ತಿತ್ತು. ಲಾಂಡೆ ಎಂಬಾತ 1921ರಲ್ಲಿ ಅರ್ಧರ್ಧ ಸಂಖ್ಯೆ ಸೇರಿಸಿ ಗೆರೆಗಳ ಲೆಕ್ಕ ಹೊಂದಿಸಿದ. ಹೊಂದಿತು, ಆದರೆ ಅರ್ಧ ಎಲ್ಲಿಂದ ಬಂತು? 1922ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿ ಪರಮಾಣುಗಳ ಧಾರೆಯನ್ನು ಅಯಸ್ಕಾಂತದ ನಡುವೆ ಹಾಯಿಸಿದಾಗ ಅದು ಸರಿಯಾಗಿ ಎರಡು ಕವಲಾಯಿತು. ಗಾಜಿನ ಮೇಲೆ ಕೂತ ಬೆಳ್ಳಿ ಮೊದಲು ಕಾಣಲೇ ಇಲ್ಲವಂತೆ. ಸ್ಟರ್ನ್ ಸೇದುತ್ತಿದ್ದ ಅಗ್ಗದ ಚುಟ್ಟಾದ ಹೊಗೆಯಲ್ಲಿದ್ದ ಗಂಧಕ ತಗುಲಿ ಅದು ಕಪ್ಪಾಗಿ ಕಾಣಿಸಿಕೊಂಡಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇಷ್ಟಾಗಿಯೂ ಆ ಎರಡು ಕವಲಿನ ನಿಜವಾದ ಅರ್ಥ ಆಗ ಅವರಿಬ್ಬರಿಗೂ ಆಗಲಿಲ್ಲ.

ಆ ಕಾಲದ ಅತಿ ಚುರುಕು ತಲೆಗಳಲ್ಲಿ ಒಬ್ಬ ವುಲ್ಫ್‌ಗಾಂಗ್ ಪೌಲಿ. ಕೋಪೆನ್‌ಹೇಗನ್ ಬೀದಿಯಲ್ಲಿ ಸಪ್ಪೆ ಮುಖ ಮಾಡಿಕೊಂಡು ಅಲೆಯುತ್ತಿದ್ದಾಗ ಪರಿಚಯದವರೊಬ್ಬರು ಯಾಕೆ ಹೀಗಿದ್ದೀರಿ ಎಂದರು. ಅಸಹಜ ಜೇಮನ್ ಪರಿಣಾಮದ ಚಿಂತೆಯಲ್ಲಿರುವವನು ಖುಷಿಯಾಗಿರುವುದು ಹೇಗೆ ಎಂದನಂತೆ ಪೌಲಿ. 1924ರ ಕೊನೆಗೆ ಅವನು ಎಲೆಕ್ಟ್ರಾನಿಗೆ ಇನ್ನೊಂದು ಗುಣ ಇದೆ, ಅದಕ್ಕೆ ಎರಡೇ ಬೆಲೆಗಳಿವೆ ಎಂದು ಕಂಡುಕೊಂಡ. ಆದರೆ ಅದನ್ನು ಕಣ್ಣಿಗೆ ಕಟ್ಟುವ ಚಿತ್ರವಾಗಿ ಹೇಳಲು ಒಪ್ಪಲಿಲ್ಲ.

ಚಿತ್ರ ಹೊಳೆದದ್ದು ಇಪ್ಪತ್ತು ವರ್ಷದ ಹುಡುಗನಿಗೆ. ರಾಲ್ಫ್ ಕ್ರೋನಿಗ್, ಅಮೆರಿಕದಿಂದ ಓದಲೆಂದು ಬಂದವನು. 1925ರ ಜನವರಿಯಲ್ಲಿ ಲಾಂಡೆಯ ಬಳಿಗೆ ಬಂದಾಗ ಪೌಲಿಯ ಕಾಗದ ಓದಿದ. ಎಲೆಕ್ಟ್ರಾನ್ ಬುಗುರಿಯಂತೆ ತನ್ನ ಸುತ್ತಲೇ ಗಿರಕಿ ಹೊಡೆಯುತ್ತಿದ್ದರೆ? ಬಲಕ್ಕೊಂದು, ಎಡಕ್ಕೊಂದು, ಎರಡೇ ಸ್ಥಿತಿ. ಅದೇ ದಿನ ಕೂತು ಲೆಕ್ಕ ಹಾಕಿದ. ಮರುದಿನ ಪೌಲಿಯೇ ಅಲ್ಲಿಗೆ ಬಂದ. ಹುಡುಗ ಹೇಳಿದ. ಉಪಾಯವೇನೋ ಜಾಣತನದ್ದೇ, ಆದರೆ ನಿಸರ್ಗಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದುಬಿಟ್ಟ ಪೌಲಿ. ಲೆಕ್ಕದಲ್ಲಿ ಎರಡು ಪಟ್ಟಿನ ತಪ್ಪೂ ಬರುತ್ತಿತ್ತು. ಕ್ರೋನಿಗ್ ಅದನ್ನು ಎಲ್ಲೂ ಪ್ರಕಟಿಸಲಿಲ್ಲ.

ಅದೇ ವರ್ಷ ಶರತ್ಕಾಲದಲ್ಲಿ ಲೈಡನ್ನಿನಲ್ಲಿ, ಅಂದರೆ ಜೇಮನ್ ಉಪ್ಪು ಉರಿಸಿದ ಊರಿನಲ್ಲೇ, ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಅದೇ ಯೋಚನೆ ಬಂತು. ಗೌಡ್‌ಸ್ಮಿಟ್ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಜೇಮನ್‌ರ ಪ್ರಯೋಗಾಲಯದಲ್ಲೂ ಕೆಲಸ ಮಾಡುತ್ತಿದ್ದವನು, ಗೆರೆಗಳ ಪಟ್ಟಿ ಅವನಿಗೆ ಬಾಯಿಪಾಠ. ಗುರು ಎರೆನ್‌ಫೆಸ್ಟ್ ಒಂದು ಪುಟ್ಟ ಟಿಪ್ಪಣಿ ಬರೆದುಕೊಡಿ ಎಂದರು, ಜೊತೆಗೆ ಹೋಗಿ ಲೊರೆಂಟ್ಜ್‌ರನ್ನೂ ಕೇಳಿ ಎಂದರು. ಎಪ್ಪತ್ತೆರಡರ ಲೊರೆಂಟ್ಜ್ ಲೆಕ್ಕ ಹಾಕಿ ತೋರಿಸಿದರು: ನಿಮ್ಮ ಬುಗುರಿಯ ಮೇಲ್ಮೈ ಬೆಳಕಿಗಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗಬೇಕಾಗುತ್ತದೆ, ಇದು ಆಗದ ಮಾತು. ಹುಡುಗರು ಹೆದರಿ ಟಿಪ್ಪಣಿ ವಾಪಸ್ ಕೇಳಲು ಎರೆನ್‌ಫೆಸ್ಟ್ ಹತ್ತಿರ ಓಡಿದರು. ಅವರು ಅದನ್ನು ಆಗಲೇ ಪತ್ರಿಕೆಗೆ ಕಳಿಸಿಬಿಟ್ಟಿದ್ದರು. ನೀವಿಬ್ಬರೂ ಇನ್ನೂ ಚಿಕ್ಕವರು, ಒಂದು ಮೂರ್ಖತನ ಮಾಡಿದರೂ ನಡೆಯುತ್ತದೆ ಎಂದು ಸಮಾಧಾನ ಹೇಳಿದರಂತೆ. 1925ರ ನವೆಂಬರಿನಲ್ಲಿ ಅದು ಅಚ್ಚಾಯಿತು. ಮರುವರ್ಷ ಥಾಮಸ್ ಎಂಬಾತ ಆ ಎರಡು ಪಟ್ಟಿನ ತಪ್ಪು ಎಲ್ಲಿದೆ ಎಂದೂ ತೋರಿಸಿಕೊಟ್ಟ. ಪೌಲಿ ಒಪ್ಪಿದ.

ಒಬ್ಬ ಹುಡುಗನಿಗೆ ಬೇಡ ಎಂದ ಹಿರಿಯ ಸಿಕ್ಕ, ಇನ್ನಿಬ್ಬರಿಗೆ ಕೇಳುವ ಮೊದಲೇ ಅಂಚೆಗೆ ಹಾಕುವ ಗುರು ಸಿಕ್ಕರು. ಕ್ರೋನಿಗ್ ವಿಷಯ ಓದಿದಾಗ ನನಗೆ ಹೊಟ್ಟೆ ಉರಿಯಿತು. ಗೆದ್ದ ಇಬ್ಬರಿಗೂ ನೊಬೆಲ್ ಬರಲಿಲ್ಲ ಎಂಬುದು ಬೇರೆ ಮಾತು. ಬುಗುರಿಯ ಚಿತ್ರವೂ ಪೂರ್ತಿ ನಿಜವಲ್ಲ. ಎಲೆಕ್ಟ್ರಾನ್ ನಮ್ಮ ಬುಗುರಿಯ ಹಾಗೆ ಸುತ್ತುವುದಿಲ್ಲ, ಲೊರೆಂಟ್ಜ್ ಆಕ್ಷೇಪ ಅಷ್ಟರ ಮಟ್ಟಿಗೆ ಸರಿಯೇ. ಆದರೆ ಗಿರಕಿಯಂಥ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ, ಮತ್ತು ಆ 'ಅರ್ಧ' ಬಂದದ್ದು ಅಲ್ಲಿಂದ. ಹೆಚ್ಚಿನ ಪರಮಾಣುಗಳ ಗೆರೆಗಳು ಒಡೆಯುವುದು 'ಅಸಹಜ'ವಾಗಿಯೇ. ಎಲೆಕ್ಟ್ರಾನುಗಳ ಗಿರಕಿಗಳು ಒಂದನ್ನೊಂದು ಹೊಡೆದು ಸೊನ್ನೆಯಾದಾಗ ಮಾತ್ರ ಲೊರೆಂಟ್ಜ್‌ರ ಮೂರು ಗೆರೆ. ಹೆಸರು ಮಾತ್ರ ಉಲ್ಟಾ ಆಗಿಯೇ ಉಳಿದಿದೆ.

ಇನ್ನು ನಮ್ಮ ಹಿರಿಯರ ಪ್ರಶ್ನೆ. ಎಲೆಕ್ಟ್ರಾನಿಗೆ ಇರುವ ಗಿರಕಿ ಪ್ರೋಟಾನಿಗೂ ಇದೆ. ನಮ್ಮ ಮೈಯಲ್ಲಿರುವ ನೀರಿನ ತುಂಬ ಹೈಡ್ರೋಜನ್, ಅದರ ನಡುವೆ ಪ್ರೋಟಾನ್. ಎಂಆರ್‌ಐ ಯಂತ್ರ ಒಂದು ಭಾರಿ ಅಯಸ್ಕಾಂತ, ಹೆಚ್ಚಾಗಿ 1.5 ಟೆಸ್ಲಾ, ಅಂದರೆ ಹದಿನೈದು ಸಾವಿರ ಗಾಸ್. ಅದರೊಳಗೆ ಪ್ರೋಟಾನಿನ ಮೆಟ್ಟಿಲು ಎರಡಾಗಿ ಒಡೆಯುತ್ತದೆ. ಜೇಮನ್ ಕಂಡ ಒಡಕೇ ಇದು, ಬೇರೆ ಕಣದಲ್ಲಿ. ಆ ಎರಡು ಮೆಟ್ಟಿಲುಗಳ ನಡುವಿನ ಅಂತರಕ್ಕೆ ಸರಿಹೊಂದುವುದು ಕಣ್ಣಿಗೆ ಕಾಣುವ ಬೆಳಕಲ್ಲ, ರೇಡಿಯೋ ಅಲೆ. ಸುಮಾರು 64 ಮೆಗಾಹರ್ಟ್ಸ್. ಇದನ್ನು 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಬೇರೆಬೇರೆಯಾಗಿ ಮಾಡಿ ತೋರಿಸಿದರು. ಅದರಿಂದ ಚಿತ್ರ ಬಿಡಿಸುವ ದಾರಿಯನ್ನು 1973ರಲ್ಲಿ ಲಾಟರ್‌ಬರ್ ತೋರಿಸಿದರು. 3 ಟೆಸ್ಲಾ ಯಂತ್ರವಾದರೆ 128ರ ಹತ್ತಿರ. ನಮ್ಮ ಎಫ್‌ಎಂ ಪಟ್ಟಿ 88ರಿಂದ 108, ಅಂದರೆ ಎರಡರ ನಡುವೆ. 2.35 ಟೆಸ್ಲಾ ಅಯಸ್ಕಾಂತ ಇದ್ದರೆ ನಿಮ್ಮ ಮೈಯ ಪ್ರೋಟಾನುಗಳು 100 ಮೆಗಾಹರ್ಟ್ಸಿಗೇ ದನಿಗೂಡಿಸುತ್ತವೆ!

ಹಾಗಾದರೆ ನಮ್ಮ ಸ್ಟೇಷನ್ ಅಲ್ಲಿ ಕೇಳಿಸುತ್ತದೆಯೇ? ಇಲ್ಲ ಸಾರ್. ಮೈಯಿಂದ ಬರುವ ಅಲೆ ತೀರಾ ಕ್ಷೀಣ, ನಮ್ಮಂಥವರ ಪ್ರಸಾರ ನುಗ್ಗಿದರೆ ಚಿತ್ರ ಕೆಟ್ಟುಹೋಗುತ್ತದೆ. ಅದಕ್ಕೇ ಆ ಕೋಣೆಯ ಗೋಡೆ, ಬಾಗಿಲು, ಕಿಟಕಿಗೆಲ್ಲ ತಾಮ್ರದಂಥ ಲೋಹದ ಹೊದಿಕೆ ಹಾಕಿ ಹೊರಗಿನ ರೇಡಿಯೋ ಒಳಗೆ ಬಾರದ ಹಾಗೆ ಮಾಡಿರುತ್ತಾರೆ. ಅದಕ್ಕೆ ಫ್ಯಾರಡೆ ಪಂಜರ ಎಂದು ಹೆಸರು. ಒಳಗೆ ಕೇಳಿಸುವ ಟಕಟಕ ಸದ್ದಿಗೂ ಹೆದರಬೇಡಿ. ಕಾಂತಕ್ಷೇತ್ರದ ನಡುವೆ ಸುರುಳಿಗಳಲ್ಲಿ ಕರೆಂಟ್ ಬಂದು ಹೋದಾಗ ಅವು ಅದುರುತ್ತವೆ, ಆ ಬಲಕ್ಕೆ ಲೊರೆಂಟ್ಜ್ ಬಲ ಎನ್ನುತ್ತಾರೆ. ವಾಚು, ಬೀಗದಕೈ, ಉಂಗುರ ಎಲ್ಲ ಹೊರಗೇ ತೆಗೆದಿಟ್ಟು ಹೋಗಿ. ನೀವು ಕೇಳಿದ್ದ ಹಾಡನ್ನು ಬರುವ ಭಾನುವಾರ ಇನ್ನೊಮ್ಮೆ ಹಾಕುತ್ತೇನೆ.